ಸ್ನಿಗರ್ ಎಂದರೆ ಎಂಥ ನಗು?

ಇಂಗ್ಲಿಷ್ ಕಥೆಯೊಂದರಲ್ಲಿ ‘ದ ಬಾಯ್ಸ್ ಅಟ್ ದ ಬ್ಯಾಕ್ ಸ್ನಿಗರ್ಡ್’ ಅನ್ನುವ ಸಾಲು ಸಿಕ್ಕಿತು, ನಿಘಂಟು ನೋಡಿದರೆ ‘ಅದುಮಿಟ್ಟ ನಗು’ ಎಂದಷ್ಟೇ ಇದೆ, ಹಾಗಾದರೆ ಇದಕ್ಕೂ ಗಿಗಲ್‌ಗೂ ಏನು ವ್ಯತ್ಯಾಸ, ಮಾತಿನಲ್ಲಿ ಎಲ್ಲಿ ಬಳಸಬೇಕು, ಕೆಲವು ಕಡೆ ಸ್ನಿಕರ್ ಅಂತ ಯಾಕಿದೆ ಎಂದು ಕೇಳಿದ್ದೀರಿ. ನಾನು ಪದವಿ ತರಗತಿಗಳಿಗೆ ಇಂಗ್ಲಿಷ್ ಪಾಠ ಮಾಡುವವಳು. ಈ ನಗುವನ್ನು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚಾಗಿ ಕಿವಿಯಾರೆ ಕೇಳಿದ್ದೇನೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಿಘಂಟು ಹೇಳಿದ್ದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಅದುಮಿಟ್ಟ ನಗುವೆಲ್ಲ ಸ್ನಿಗರ್ ಅಲ್ಲ. ಸಾವಿನ ಮನೆಯಲ್ಲಿ ಯಾವುದೋ ಹಳೆಯ ತಮಾಷೆ ನೆನಪಾಗಿ ತುಟಿ ಕಚ್ಚಿ ನಗು ತಡೆದುಕೊಳ್ಳುವವನು ಸ್ನಿಗರ್ ಮಾಡುತ್ತಿಲ್ಲ. ಸ್ನಿಗರ್‌ಗೆ ಒಂದು ಗುರಿ ಬೇಕು. ಎದುರಿಗಿರುವ ಒಬ್ಬರ ಮಾತು, ಬಟ್ಟೆ, ಉಚ್ಚಾರಣೆ, ಮುಗ್ಗರಿಸಿದ ರೀತಿ, ಏನಾದರೂ ಒಂದು ಅದಕ್ಕೆ ತುತ್ತಾಗಬೇಕು. ಆ ವ್ಯಕ್ತಿಯ ಮುಖಕ್ಕೆ ನೇರವಾಗಿ ನಗುವ ಧೈರ್ಯ ಇರುವುದಿಲ್ಲ, ನಗದೆ ಸುಮ್ಮನಿರುವ ಮನಸ್ಸೂ ಇರುವುದಿಲ್ಲ. ಆಗ ಬಾಯಿ ಮುಚ್ಚಿಕೊಂಡು ಪಕ್ಕದವನಿಗೆ ಮಾತ್ರ ಕೇಳಿಸುವ ಹಾಗೆ ನಗುವುದು ಸ್ನಿಗರ್. ಅಂದರೆ ಅದರಲ್ಲಿ ಕನಿಷ್ಠ ಮೂರು ಜನ ಇರುತ್ತಾರೆ: ನಗುವವನು, ಅವನ ಜೊತೆಗಾರ, ನಗೆಗೆ ಗುರಿಯಾದವರು. ಒಬ್ಬನೇ ಕೂತು ಸ್ನಿಗರ್ ಮಾಡುವುದನ್ನು ಕಥೆಗಾರರು ಬರೆಯುವುದುಂಟು, ಆದರೆ ಅಲ್ಲೂ ಮನಸ್ಸಿನಲ್ಲಿ ಒಬ್ಬ ಜೊತೆಗಾರ ಇದ್ದೇ ಇರುತ್ತಾನೆ. ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ನಗುವಿನ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದವರು. ಒಂಟಿಯಾಗಿರುವಾಗ ನಗುವುದಕ್ಕಿಂತ ಜನರ ನಡುವೆ ಇರುವಾಗ ಮನುಷ್ಯ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂದು ಅವರು ಕಂಡುಕೊಂಡರು. ಎಲ್ಲ ನಗುವಿಗೂ ಸಲ್ಲುವ ಮಾತಿದು, ಆದರೆ ಸ್ನಿಗರ್‌ಗೆ ಸಲ್ಲುವಷ್ಟು ಬೇರೆ ಯಾವುದಕ್ಕೂ ಸಲ್ಲುವುದಿಲ್ಲ ಅಂತ ನನಗನ್ನಿಸುತ್ತದೆ.

ತರಗತಿಯಲ್ಲಿ ಇದು ಹೇಗಿರುತ್ತದೆ ಹೇಳುತ್ತೇನೆ. ಹತ್ತನೇ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯೊಬ್ಬಳು ಎದ್ದು ನಿಂತು ಪಾಠ ಓದುತ್ತಿದ್ದಳು. ಸಾಲ ಎಂಬರ್ಥದ ಇಂಗ್ಲಿಷ್ ಪದ ಬಂತು. ‘ಡೆಟ್’ ಅನ್ನಬೇಕಾದ ಕಡೆ ಅಕ್ಷರ ಕಂಡ ಹಾಗೆ ‘ಡೆಬ್ಟ್’ ಅಂದಳು. ಹಿಂದಿನ ಬೆಂಚಿನಿಂದ ಸದ್ದು ಬಂತು. ನಗು ಅನ್ನುವ ಹಾಗೂ ಇಲ್ಲ, ಸೀನು ಅನ್ನುವ ಹಾಗೂ ಇಲ್ಲ, ಮೂಗಿನಿಂದ ಹೊರಟ ಒಂದು ಗಾಳಿ. ತಿರುಗಿ ನೋಡಿದರೆ ಇಬ್ಬರು ತಲೆ ತಗ್ಗಿಸಿ ಪುಸ್ತಕ ಅಡ್ಡ ಹಿಡಿದಿದ್ದಾರೆ, ಭುಜ ಮಾತ್ರ ಅಲುಗಾಡುತ್ತಿದೆ, ಒಬ್ಬನ ಕಣ್ಣು ಓರೆಯಾಗಿ ಇನ್ನೊಬ್ಬನ ಕಡೆ. ಹುಡುಗಿಗೆ ಅದು ಕೇಳಿಸಿತು. ಉಳಿದ ಅರ್ಧ ಪುಟವನ್ನು ಅವಳು ಎಷ್ಟು ಮೆಲ್ಲಗೆ ಓದಿದಳೆಂದರೆ ಮೊದಲ ಬೆಂಚಿಗೂ ಕೇಳಲಿಲ್ಲ. ಆ ಇಬ್ಬರು ಮಾಡಿದ್ದು ಸ್ನಿಗರ್. ಗೊಳ್ಳೆಂದು ನಕ್ಕಿದ್ದರೆ ನಾನು ಗದರಬಹುದಿತ್ತು, ಅವಳೂ ಸಿಟ್ಟಾಗಬಹುದಿತ್ತು. ಇದಕ್ಕೆ ಉತ್ತರ ಕೊಡುವುದು ಕಷ್ಟ, ಯಾಕೆಂದರೆ ‘ನಾವೇನು ನಗಲಿಲ್ಲವಲ್ಲ ಮೇಡಂ’ ಎಂದು ತಪ್ಪಿಸಿಕೊಳ್ಳಲು ಅದರಲ್ಲೇ ದಾರಿ ಇದೆ.

ಅಂದಹಾಗೆ ಆ ಹುಡುಗಿಯ ತಪ್ಪೇನೂ ಇರಲಿಲ್ಲ. ಆ ಪದ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ ‘ಬಿ’ ಅಕ್ಷರವೇ ಇರಲಿಲ್ಲ. ಲ್ಯಾಟಿನ್ ಮೂಲದ ‘ಡೆಬಿಟಮ್’ ನೆನಪಿಸಬೇಕೆಂದು ಪಂಡಿತರು ಆಮೇಲೆ ಕಾಗುಣಿತಕ್ಕೆ ಅದನ್ನು ತುರುಕಿದರು, ನಾಲಿಗೆ ಮಾತ್ರ ಹಳೆಯದನ್ನೇ ಇಟ್ಟುಕೊಂಡಿತು. ಅವತ್ತು ಇದನ್ನು ತರಗತಿಗೆ ಹೇಳಿದೆ. ಇಂಗ್ಲಿಷ್ ಮಾತಾಡಲು ಹೆದರುವ ನಮ್ಮ ಹಳ್ಳಿಯ ಮಕ್ಕಳಲ್ಲಿ ಬಹಳ ಮಂದಿ ಹೆದರುವುದು ವ್ಯಾಕರಣಕ್ಕಲ್ಲ, ಈ ಸದ್ದಿಗೆ. ಈ ಪದದ ಅರ್ಥವನ್ನು ಅವರಿಗೆ ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಆ ಇಬ್ಬರ ಭಂಗಿಯನ್ನು ನಾನು ಅಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಭರತನ ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ ಹಾಸ್ಯರಸದ ಕೆಳಗೆ ಆರು ಬಗೆಯ ನಗು ಬರುತ್ತದೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲೆರಡು ಉತ್ತಮರಿಗೆ, ನಡುವಿನವು ಮಧ್ಯಮರಿಗೆ, ಕೊನೆಯವು ಅಧಮರಿಗೆ ಎಂದು ಹಂಚಿಕೆ. ಇವುಗಳಲ್ಲಿ ನಾಲ್ಕನೆಯದಾದ ಉಪಹಸಿತದ ಲಕ್ಷಣ ಓದಿ ನೋಡಿ. ಮೂಗಿನ ಹೊಳ್ಳೆ ಅರಳಿರಬೇಕು, ನೋಟ ವಕ್ರವಾಗಿರಬೇಕು, ಮೈ ಮತ್ತು ತಲೆ ಕುಗ್ಗಿ ಬಾಗಿರಬೇಕು. ಸ್ನಿಗರ್ ಮಾಡುವವನ ಚಿತ್ರವನ್ನು ಇದಕ್ಕಿಂತ ಕರಾರುವಾಕ್ಕಾಗಿ ಯಾವ ಇಂಗ್ಲಿಷ್ ನಿಘಂಟೂ ಕೊಟ್ಟಿಲ್ಲ. ನಟರು ವೇದಿಕೆಯ ಮೇಲೆ ಮಾಡಿ ತೋರಿಸಲೆಂದು ಬರೆದದ್ದಾದ್ದರಿಂದ ಅಲ್ಲಿ ಭಾವಕ್ಕಿಂತ ಮೊದಲು ದೇಹ ಬರುತ್ತದೆ. ಮೂಗು, ಕಣ್ಣು, ಬಾಗಿದ ತಲೆ ಈ ಮೂರನ್ನೂ ಒಟ್ಟಿಗೆ ನೆನಪಿಟ್ಟುಕೊಂಡರೆ ನಿಮಗೆ ಪದ ಮರೆಯುವುದಿಲ್ಲ.

ಮೂಗು ಇಲ್ಲಿ ಆಕಸ್ಮಿಕವಾಗಿ ಬಂದದ್ದಲ್ಲ. ನಗುವೆಂದರೆ ಎದೆಯಿಂದ ತುಂಡುತುಂಡಾಗಿ ಹೊರಬೀಳುವ ಉಸಿರು. ಬಾಯಿ ಮುಚ್ಚಿದರೂ ಉಸಿರು ನಿಲ್ಲುವುದಿಲ್ಲ, ಅದಕ್ಕೆ ಉಳಿದಿರುವ ದಾರಿ ಮೂಗೊಂದೇ. ಇಂಗ್ಲಿಷಿನಲ್ಲಿ ‘ಸ್ನ’ ಸದ್ದಿನಿಂದ ಶುರುವಾಗುವ ಪದಗಳನ್ನು ಸಾಲಾಗಿ ಹೇಳಿಕೊಳ್ಳಿ: ಸ್ನೋರ್, ಸ್ನೀಜ್, ಸ್ನಿಫ್, ಸ್ನಾರ್ಟ್, ಸ್ನೌಟ್. ಗೊರಕೆ, ಸೀನು, ಮೂಸುವುದು, ಮೂಗಿನಿಂದ ಬುಸುಗುಡುವುದು, ಪ್ರಾಣಿಯ ಮೂತಿ. ಆಮೇಲೆ ಸ್ನೀರ್, ಸ್ನಬ್: ತಾತ್ಸಾರ, ಕಡೆಗಣಿಸುವುದು. ಹೀಗೆ ಒಂದು ಸದ್ದು ಒಂದು ಅರ್ಥದ ಸುತ್ತ ಗುಂಪುಗಟ್ಟುವುದಕ್ಕೆ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1930ರಲ್ಲಿ ಫೋನೆಸ್ಥೀಮ್ ಎಂಬ ಹೆಸರು ಕೊಟ್ಟರು. ಎಲ್ಲವೂ ಒಂದೇ ಮೂಲದ ಪದಗಳೆಂದು ಇದರ ಅರ್ಥವಲ್ಲ, ಕಿವಿಗೆ ಅವು ಒಂದೇ ಮನೆಯವಾಗಿ ಕೇಳುತ್ತವೆ ಅಷ್ಟೆ. ನಮ್ಮಲ್ಲೂ ಮೂಗು, ಮೂಸು, ಮೂತಿ ಹಾಗೆಯೇ ಇವೆ. ತಾತ್ಸಾರ ಬಂದಾಗ ನಾವೂ ಮೂಗನ್ನೇ ಮುರಿಯುವುದು.

ಈಗ ಗಿಗಲ್. ಗಿಗಲ್‌ನಲ್ಲಿ ಎಳಸುತನ ಇದೆ, ನಾಚಿಕೆ ಇದೆ, ಕೆಲವೊಮ್ಮೆ ಗಾಬರಿಯೂ ಇದೆ. ಕೆಡುಕು ಇರಬೇಕಿಲ್ಲ. ಮಕ್ಕಳು ಕಚಗುಳಿ ಇಟ್ಟಾಗ ಕಿಲಕಿಲ ಅನ್ನುವುದು ಗಿಗಲ್, ಯಾರೂ ಅದನ್ನು ಸ್ನಿಗರ್ ಅನ್ನುವುದಿಲ್ಲ. ಚಕಲ್ ಇನ್ನೂ ಸೌಮ್ಯ, ತಾತ ಪೇಪರ್ ಓದುತ್ತಾ ತನ್ನಷ್ಟಕ್ಕೆ ನಕ್ಕರೆ ಅದು ಚಕಲ್. ಚಾರ್ಟಲ್ ಅನ್ನುವುದನ್ನು ಲೂಯಿಸ್ ಕ್ಯಾರಲ್ 1871ರಲ್ಲಿ ಪ್ರಕಟವಾದ ತನ್ನ ಕವಿತೆಗಾಗಿ ಹೊಸೆದ. ಚಕಲ್ ಮತ್ತು ಸ್ನಾರ್ಟ್ ಸೇರಿಸಿ ಮಾಡಿದ್ದು ಎಂದು ಎಲ್ಲರೂ ಒಪ್ಪುತ್ತಾರೆ. ಗೆದ್ದ ಖುಷಿ ತಡೆಯಲಾರದೆ ನಗುವುದು ಅದು. ಟಿಟರ್ ಸ್ನಿಗರ್‌ಗೆ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಮುಜುಗರ ಹೆಚ್ಚು, ಚುಚ್ಚುವಿಕೆ ಕಡಿಮೆ. ನನ್ನ ವಿದ್ಯಾರ್ಥಿಗಳು ಹೆಚ್ಚಾಗಿ ಗೊಂದಲ ಮಾಡಿಕೊಳ್ಳುವುದು ಸ್ಮರ್ಕ್ ಜೊತೆ. ಸ್ಮರ್ಕ್‌ಗೆ ಸದ್ದಿಲ್ಲ, ಅದು ಮುಖದ ಮೇಲಿನ ಕೊಂಕು. ಫೋಟೋದಲ್ಲಿ ಸ್ಮರ್ಕ್ ಕಾಣುತ್ತದೆ, ಸ್ನಿಗರ್ ಕೇಳಿಸಿಕೊಳ್ಳಬೇಕು.

ಅದುಮಿಟ್ಟ ನಗುವಾದರೂ ಸ್ನಿಗರ್ ಅಲ್ಲದ್ದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ, ಕ್ರಿಕೆಟ್ ಇಷ್ಟಪಡುವವರಾದರೆ ಹುಡುಕಿ ಕೇಳಿ. 1991ರ ಆಗಸ್ಟ್, ಲಂಡನ್ನಿನ ಓವಲ್ ಮೈದಾನ, ವೆಸ್ಟ್ ಇಂಡೀಸ್ ವಿರುದ್ಧ ಇಂಗ್ಲೆಂಡಿನ ಟೆಸ್ಟ್. ಕರ್ಟ್ಲಿ ಆಂಬ್ರೋಸ್ ಎಸೆದ ಚೆಂಡನ್ನು ಹುಕ್ ಮಾಡಲು ಹೋದ ಇಯಾನ್ ಬಾಥಮ್ ಆಯತಪ್ಪಿದರು. ಸ್ಟಂಪ್ ದಾಟಿಕೊಳ್ಳಲು ಕಾಲೆತ್ತಿದರೂ ಬೇಲ್ ತಾಗಿ ಬಿತ್ತು, ಹಿಟ್ ವಿಕೆಟ್. ಸಂಜೆ ಬಿಬಿಸಿ ರೇಡಿಯೋದಲ್ಲಿ ಬ್ರಯನ್ ಜಾನ್‌ಸ್ಟನ್ ದಿನದಾಟವನ್ನು ವಿವರಿಸುತ್ತಿದ್ದಾಗ ಜೊತೆಗಿದ್ದ ಜೊನಾಥನ್ ಆಗ್ನ್ಯೂ, ಬಾಥಮ್‌ಗೆ ಕಾಲು ದಾಟಿಸಲು ಆಗಲಿಲ್ಲ ಎಂಬರ್ಥದ ಮಾತೊಂದನ್ನು ಸೇರಿಸಿದರು. ಆ ನುಡಿಗಟ್ಟಿಗೆ ಬ್ರಿಟಿಷ್ ಆಡುಮಾತಿನಲ್ಲಿ ಮಲಗುವ ಕೋಣೆಗೆ ಸಂಬಂಧಿಸಿದ ಇನ್ನೊಂದು ಅರ್ಥವಿದೆ. ಜಾನ್‌ಸ್ಟನ್ ಮೊದಲು ಕೇಳಿಸದವರಂತೆ ಸ್ಕೋರು ಹೇಳಲು ನೋಡುತ್ತಾರೆ. ದನಿ ಸಣ್ಣಗಾಗುತ್ತಾ ಹೋಗುತ್ತದೆ, ಕೀರಲಾಗುತ್ತದೆ, ಆಮೇಲೆ ಮಾತೇ ಇಲ್ಲ, ಬರೀ ಉಸಿರು. ‘ನಿಲ್ಲಿಸಯ್ಯಾ’ ಎಂದು ಗೆಳೆಯನನ್ನು ಬೇಡಿಕೊಳ್ಳುತ್ತಾರೆ.

ಇಲ್ಲಿ ನಗು ಅದುಮಲು ಪಟ್ಟ ಪಾಡು ನಿಜವಾದದ್ದು, ಸಾವಿರಾರು ಜನ ಕೇಳುತ್ತಿದ್ದಾರೆ ಎಂಬ ಕಾರಣಕ್ಕೆ. ಯಾರನ್ನೂ ಕೀಳು ಮಾಡುವ ಉದ್ದೇಶ ಇಲ್ಲ, ಗುಟ್ಟಿನ ಜೊತೆಗಾರಿಕೆ ಇಲ್ಲ. ಇಂಗ್ಲಿಷರು ಇದನ್ನು ಗಿಗಲ್ಸ್ ಅನ್ನುತ್ತಾರೆ, ನಾಟಕದವರ ಭಾಷೆಯಲ್ಲಿ ಕಾರ್ಪ್ಸಿಂಗ್. ಆದರೆ ಅದೇ ದ್ವಂದ್ವಾರ್ಥ ಕೇಳಿ ಇಬ್ಬರು ಹುಡುಗರು ಮೂಲೆಯಲ್ಲಿ ಮೊಣಕೈ ತಿವಿದುಕೊಂಡು ಹಿಹಿ ಅಂದರೆ ಅದಕ್ಕೆ ಸ್ನಿಗರ್ ಎನ್ನಬಹುದು. ಪೋಲಿ ಮಾತಿಗೆ ಕದ್ದು ನಗುವುದು ಈ ಪದದ ಎರಡನೆಯ ದೊಡ್ಡ ಬಳಕೆ. ಅಲ್ಲಿ ಗುರಿ ವ್ಯಕ್ತಿಯಲ್ಲ, ಮರ್ಯಾದೆಯೇ ಗುರಿ.

ಕನ್ನಡಕ್ಕೆ ತರುವಾಗ ‘ಹಿಂದೆ ಕೂತ ಹುಡುಗರು ಮುಸಿಮುಸಿ ನಕ್ಕರು’ ಎಂದರೆ ನಿಮ್ಮ ವಾಕ್ಯಕ್ಕೆ ಮುಕ್ಕಾಲು ಪಾಲು ನ್ಯಾಯ ಸಿಗುತ್ತದೆ. ಮುಸಿಮುಸಿ ಎನ್ನುವಾಗ ತುಟಿ ತಾನಾಗಿ ಮುಚ್ಚಿಕೊಳ್ಳುತ್ತದೆ, ನಗು ಒಳಗೇ ಉಳಿದದ್ದು ಗೊತ್ತಾಗುತ್ತದೆ. ತಡೆದ ನಗು ಒಮ್ಮೆಲೇ ಸೋರಿದ ಕ್ಷಣಕ್ಕಾದರೆ ‘ಕಿಸಕ್ಕನೆ ನಕ್ಕರು’. ಆದರೆ ಈ ಎರಡೂ ಪ್ರೀತಿಯ ಸಂದರ್ಭದಲ್ಲೂ ಬರುತ್ತವೆ. ಗಂಡನ ಮಾತಿಗೆ ಹೆಂಡತಿ ಕಿಸಕ್ಕನೆ ನಗುತ್ತಾಳೆ, ಅದು ಸ್ನಿಗರ್ ಅಲ್ಲವೇ ಅಲ್ಲ. ಹಾಗಾಗಿ ಅವಮಾನದ ಮುಳ್ಳು ಬೇಕಾದ ಕಡೆ ‘ಅವಳ ಕಡೆ ನೋಡಿ ಮುಸಿಮುಸಿ ನಕ್ಕರು’ ಎಂದು ಗುರಿಯನ್ನು ಬಾಯಿಬಿಟ್ಟು ಹೇಳಿಬಿಡುವುದು ಒಳ್ಳೆಯದು. ‘ಕುಹಕದ ನಗೆ’ ಎಂದು ಬರೆಯುವವರನ್ನು ನೋಡಿದ್ದೇನೆ, ನನಗೆ ಅದು ಒಪ್ಪಿಗೆಯಿಲ್ಲ. ಕುಹಕಕ್ಕೆ ಲೆಕ್ಕಾಚಾರ ಬೇಕು, ಖಳನಾಯಕನ ಗತ್ತು ಬೇಕು. ಸ್ನಿಗರ್ ಸಣ್ಣತನದ ನಗು, ಅಷ್ಟು ದೊಡ್ಡ ಪಟ್ಟ ಅದಕ್ಕೆ ಬೇಡ.

ಬಳಕೆಯಲ್ಲಿ ಒಂದೇ ಒಂದು ವಿಷಯ ಗಮನಿಸಿ: ‘ಸ್ನಿಗರ್ಡ್ ಹಿಮ್’ ಎಂದು ಬರುವುದಿಲ್ಲ, ನಡುವೆ ‘ಅಟ್’ ಇರಲೇಬೇಕು. ‘ದೇ ಸ್ನಿಗರ್ಡ್ ಅಟ್ ಹಿಸ್ ಆಕ್ಸೆಂಟ್’. ನಾಮಪದವಾಗಿ ‘ದೇರ್ ವರ್ ಸ್ನಿಗರ್ಸ್ ಫ್ರಮ್ ದ ಆಡಿಯನ್ಸ್’ ಎನ್ನಬಹುದು. ನಿಮ್ಮ ಬಗ್ಗೆಯೇ ಹೇಳಿಕೊಳ್ಳುವಾಗ, ಇಷ್ಟವಾದವರ ನಗುವನ್ನು ವರ್ಣಿಸುವಾಗ ಈ ಪದ ಬೇಡ. ‘ನನ್ನ ಜೋಕಿಗೆ ಬಾಸ್ ಸ್ನಿಗರ್ ಮಾಡಿದರು’ ಎಂದರೆ ನಿಮ್ಮ ಜೋಕು ಚೆನ್ನಾಗಿತ್ತು ಎಂದಲ್ಲ, ಬಾಸ್ ನಿಮ್ಮನ್ನು ಲೇವಡಿ ಮಾಡಿದರು ಎಂದೇ ಕೇಳುವವರು ತಿಳಿಯುತ್ತಾರೆ.

ಇನ್ನು ಸ್ನಿಕರ್. ಅದೇ ಪದ, ಅದೇ ಅರ್ಥ. ವಾಸ್ತವವಾಗಿ ಅದೇ ಹಳೆಯದು, 17ನೇ ಶತಮಾನದ ಕೊನೆಯಲ್ಲಿ ಸ್ನಿಕರ್ ಕಾಣಿಸಿಕೊಂಡಿತು, ಸ್ನಿಗರ್ 18ನೇ ಶತಮಾನದ ಆರಂಭದಲ್ಲಿ ಅದರ ರೂಪಾಂತರವಾಗಿ ಬಂತು. ಇವತ್ತು ಬ್ರಿಟನ್ನಿನಲ್ಲಿ ಸ್ನಿಗರ್ ಹೆಚ್ಚು, ಅಮೆರಿಕದಲ್ಲಿ ಸ್ನಿಕರ್. ಬೆಂಗಳೂರಿನ ಕಚೇರಿಗಳಲ್ಲಿ ಅಮೆರಿಕದವರ ಜೊತೆ ದಿನವೂ ಮಾತಾಡುವವರು ಇದೊಂದನ್ನು ದಯವಿಟ್ಟು ನೆನಪಿಡಿ. ಕಪ್ಪು ಜನರನ್ನು ಹೀನಾಯವಾಗಿ ಕರೆಯಲು ಬಳಸುತ್ತಿದ್ದ ಬೈಗುಳಕ್ಕೂ ಸ್ನಿಗರ್‌ಗೂ ಹುಟ್ಟಿನ ಸಂಬಂಧ ಏನೂ ಇಲ್ಲ, ಆದರೆ ಸದ್ದು ತೀರಾ ಹತ್ತಿರ. ಫೋನಿನಲ್ಲಿ ಅರ್ಧಂಬರ್ಧ ಕೇಳಿದರೆ ಎದುರಿನವರಿಗೆ ಗಾಯವಾಗಬಹುದು. ಅಲ್ಲಿನವರೊಡನೆ ಸ್ನಿಕರ್ ಎನ್ನುವುದೇ ಸರಿ.

ಚಾಕೊಲೇಟ್ ಹೆಸರಿಗೂ ನಗುವಿಗೂ ನಂಟಿದೆಯೇ ಎಂದು ನನ್ನ ವಿದ್ಯಾರ್ಥಿಗಳು ತಪ್ಪದೆ ಕೇಳುತ್ತಾರೆ, ನಿಮಗೂ ಆ ಸಂಶಯ ಬಂದಿರಬಹುದು. ಸ್ನಿಕರ್ಸ್ 1930ರಲ್ಲಿ ಅಮೆರಿಕದಲ್ಲಿ ಶುರುವಾಯಿತು, ಮಾರ್ಸ್ ಕುಟುಂಬದವರು ತಮ್ಮ ಪ್ರೀತಿಯ ಕುದುರೆಯ ಹೆಸರನ್ನು ಅದಕ್ಕಿಟ್ಟರು. ಕುದುರೆ ಮೆಲ್ಲಗೆ ಕೆನೆಯುವುದಕ್ಕೂ ಇಂಗ್ಲಿಷಿನಲ್ಲಿ ಸ್ನಿಕರ್ ಎನ್ನುವುದುಂಟು, ಅದೂ ಮೂಗಿನ ಸದ್ದೇ. ಬ್ರಿಟನ್ನಿನಲ್ಲಿ ಮಾತ್ರ ಅದೇ ಚಾಕೊಲೇಟ್ 1990ರವರೆಗೂ ಮ್ಯಾರಥಾನ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು.