ಮಾದಕವಸ್ತು ಕಾನೂನು ತಿದ್ದುವಾಗ ಪೊಲೀಸರ ಮಾತಿಗೆ ಎಷ್ಟು ತೂಕ?

ಪ್ರಶ್ನೆ: ನನ್ನ ಮಗಳು ಕೆನಡಾದ ವ್ಯಾಂಕೂವರ್‌ನಲ್ಲಿದ್ದಾಳೆ. ಮಾದಕವಸ್ತು ಇಟ್ಟುಕೊಂಡವರ ಮೇಲೆ ಕೇಸು ಹಾಕುವುದು ಬೇಡವೆಂದು ಅಲ್ಲಿ ಪೊಲೀಸರೇ ಹೇಳಿದ್ದರಂತೆ. ಆಮೇಲೆ ಅವರೇ ತಿರುಗಿಬಿದ್ದರಂತೆ. ಕಾನೂನು ಜಾರಿ ಮಾಡುವವರು ಕಾನೂನನ್ನೇ ತಿದ್ದಲು ಹೊರಡುವುದು ಸರಿಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಗಳು ಹೇಳಿದ್ದರಲ್ಲಿ ಹುರುಳಿದೆ. ಆದರೆ ‘ತಿರುಗಿಬಿದ್ದರು’ ಎಂಬ ಮಾತು ಸ್ವಲ್ಪ ಹೆಚ್ಚಾಯಿತು.

ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ, ಮಿತಿಮೀರಿದ ಸೇವನೆಯ ಸಾವುಗಳಿಂದ ಕಂಗೆಟ್ಟು 2016ರಲ್ಲೇ ಆರೋಗ್ಯ ತುರ್ತುಸ್ಥಿತಿ ಘೋಷಿಸಿತ್ತು. 2020ರ ಜುಲೈನಲ್ಲಿ ಕೆನಡಾದ ಪೊಲೀಸ್ ಮುಖ್ಯಸ್ಥರ ಸಂಘ, ಸ್ವಂತ ಬಳಕೆಗಾಗಿ ಇಟ್ಟುಕೊಂಡವರನ್ನು ಜೈಲಿಗಲ್ಲ, ಚಿಕಿತ್ಸೆಗೆ ಕಳಿಸುವುದೇ ಮೇಲೆಂದು ಬಹಿರಂಗವಾಗಿ ಹೇಳಿತು. ಆಗ ಸಂಘದ ಅಧ್ಯಕ್ಷರಾಗಿದ್ದವರು ವ್ಯಾಂಕೂವರ್ ಪೊಲೀಸ್ ಮುಖ್ಯಸ್ಥ ಆಡಂ ಪಾಮರ್. ವೈದ್ಯರು ವರ್ಷಗಟ್ಟಲೆ ಹೇಳುತ್ತ ಬಂದಿದ್ದ ಮಾತು ಖಾಕಿಯವರ ಬಾಯಿಂದ ಬಂದ ಮೇಲೆ ರಾಜಕಾರಣಿಗಳಿಗೆ ಧೈರ್ಯ ಬಂತು. ಎಲ್ಲ ದೇಶಗಳಲ್ಲೂ ಇದೇ ಕಥೆ ಎನ್ನಿ!

ನಿಜವಾದ ಹಗ್ಗಜಗ್ಗಾಟ ನಡೆದದ್ದು ಗ್ರಾಂ ಲೆಕ್ಕದಲ್ಲಿ. ಎಷ್ಟರವರೆಗೆ ಇಟ್ಟುಕೊಂಡರೆ ಅಪರಾಧವಲ್ಲ? ಪ್ರಾಂತ್ಯ ಕೇಳಿದ್ದು 4.5 ಗ್ರಾಂ. ಅಷ್ಟಾದರೆ ಮಾರಾಟಗಾರರೂ ನುಸುಳಿಕೊಳ್ಳುತ್ತಾರೆಂದು ಪೊಲೀಸರು ತಕರಾರು ತೆಗೆದರು. ಕೇಂದ್ರ ಸರ್ಕಾರ ಕೊನೆಗೆ ನಿಗದಿಪಡಿಸಿದ್ದು 2.5 ಗ್ರಾಂ. ಪೇಟೆಯಿಂದ ದೂರವಿರುವ ವ್ಯಸನಿ ಹಲವು ದಿನಗಳಿಗಾಗುವಷ್ಟನ್ನು ಒಟ್ಟಿಗೆ ಕೊಳ್ಳುತ್ತಾನೆ, ಈ ಮಿತಿ ಅವನಿಗೆ ಸಾಲದು ಎಂದು ಬಳಕೆದಾರರ ಸಂಘಟನೆಗಳು ಎಷ್ಟು ಹೇಳಿದರೂ ನಡೆಯಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಬೀದಿಯಲ್ಲಿ ಏನಾಗುತ್ತದೆ ಎಂಬುದಕ್ಕೆ ಪೊಲೀಸರಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ವ್ಯಸನಿಯ ದೇಹಕ್ಕೆ ಎಷ್ಟು ಬೇಕು ಎಂಬುದು ಅವರ ಠಾಣಾ ಸರಹದ್ದಿನಾಚೆಯ ವಿಷಯ.

2023ರ ಜನವರಿ 31ರಂದು, ಈ ಮಿತಿಯೊಳಗೆ ಇಟ್ಟುಕೊಂಡವರಿಗೆ ಕೇಸಿನಿಂದ ವಿನಾಯಿತಿ ಕೊಡುವ ಮೂರು ವರ್ಷಗಳ ಪ್ರಯೋಗ ಆರಂಭವಾಯಿತು. ಮಿತಿಯೊಳಗಿನ ಮಾಲನ್ನು ಪೊಲೀಸರು ಕಿತ್ತುಕೊಳ್ಳುವಂತಿರಲಿಲ್ಲ. ಚಿಕಿತ್ಸೆ ಎಲ್ಲಿ ಸಿಗುತ್ತದೆಂಬ ಮಾಹಿತಿಯ ಕಾರ್ಡು ಕೊಡಬಹುದಿತ್ತು, ಅಷ್ಟೇ. ಉದ್ಯಾನ, ಬಸ್ ನಿಲ್ದಾಣಗಳಲ್ಲಿ ಸೇದುವವರ ಬಗ್ಗೆ ದೂರುಗಳು ಬರತೊಡಗಿದವು. ಸಾರ್ವಜನಿಕ ಸೇವನೆಗೆ ಕಡಿವಾಣ ಹಾಕಲು ಪ್ರಾಂತ್ಯ ಮಾಡಿದ ಕಾನೂನಿಗೆ ಡಿಸೆಂಬರ್‌ನಲ್ಲಿ ನ್ಯಾಯಾಲಯ ತಾತ್ಕಾಲಿಕ ತಡೆ ನೀಡಿತು. 2024ರ ಏಪ್ರಿಲ್‌ನಲ್ಲಿ ವ್ಯಾಂಕೂವರ್‌ನ ಉಪ ಪೊಲೀಸ್ ಮುಖ್ಯಸ್ಥೆ ಫಿಯೋನಾ ವಿಲ್ಸನ್ ಸಂಸದೀಯ ಸಮಿತಿಯ ಮುಂದೆ, ಇಂಥ ಕಡೆ ನಮ್ಮ ಕೈ ಕಟ್ಟಿಹಾಕಿದಂತಾಗಿದೆ ಎಂಬರ್ಥದ ಸಾಕ್ಷ್ಯ ನುಡಿದರು. ಮೇ ತಿಂಗಳಲ್ಲೇ ಸಾರ್ವಜನಿಕ ಸ್ಥಳಗಳಿಗೆ ವಿನಾಯಿತಿ ರದ್ದಾಯಿತು. ಮನೆ, ಆಶ್ರಯತಾಣಗಳಲ್ಲಿ ಉಳಿಯಿತು. ಹಾಗಾಗಿ ಪೊಲೀಸರು ಕೇಳಿದ್ದು ಮತ್ತೆ ಜೈಲನ್ನಲ್ಲ, ಬೀದಿಯ ಮೇಲಿನ ಹಿಡಿತವನ್ನು. ಅದನ್ನು ಕೇಳುವ ಹಕ್ಕು ಅವರಿಗೆ ಖಂಡಿತ ಇದೆ. ಗ್ರಾಂ ಲೆಕ್ಕವನ್ನು ಮಾತ್ರ ವೈದ್ಯರಿಗೆ ಬಿಡಬೇಕಿತ್ತು.

ಪ್ರಶ್ನೆ: ನಮ್ಮಲ್ಲಿ ಸ್ವಲ್ಪ ಗಾಂಜಾ ಸಿಕ್ಕಿದ ಹುಡುಗನನ್ನು ಠಾಣೆಯಿಂದಲೇ ಚಿಕಿತ್ಸೆಗೆ ಕಳಿಸಬಹುದೇ?
– ತಾಯಿಯೊಬ್ಬರು, ಮಂಗಳೂರು

ಉತ್ತರ: ಕೇಸಿಲ್ಲದೆ ಬಿಟ್ಟು ಕಳಿಸುವ ಅಧಿಕಾರವನ್ನು 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆ ಪೊಲೀಸರಿಗೆ ಕೊಟ್ಟಿಲ್ಲ. ಒಂದು ಕಿಲೋವರೆಗಿನ ಗಾಂಜಾ ‘ಸಣ್ಣ ಪ್ರಮಾಣ’. ಅದಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆ, ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ಈ ಪ್ರಮಾಣಕ್ಕೆ ಜಾಮೀನು ಸಿಗುವುದು ಕಷ್ಟವಲ್ಲ.

ಹುಡುಗ ನಿಜಕ್ಕೂ ವ್ಯಸನಿಯಾಗಿದ್ದರೆ ವಕೀಲರ ಬಳಿ 64ಎ ಕಲಮಿನ ಬಗ್ಗೆ ಕೇಳಿ. ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುವ ಕಲಮು ಅದು. ಒಮ್ಮೆ ಕುತೂಹಲಕ್ಕೆ ಸೇದಿದವನಿಗೆ ಇದು ಅನ್ವಯಿಸುವುದು ಕಷ್ಟ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ರಕ್ಷಣೆಯೂ ಹೋಗಬಹುದು. ಆದ್ದರಿಂದ ದಾಖಲಾತಿಯಿಂದ ಬಿಡುಗಡೆಯವರೆಗಿನ ಆಸ್ಪತ್ರೆಯ ಕಾಗದಪತ್ರಗಳನ್ನು ಜೋಪಾನವಾಗಿಡಿ.