ಭಾರ ಕೊಡೋದು, ಭಾರ ತಗೊಳ್ಳೋದು: ಡ್ಯಾನ್ಸ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಬ್ಯಾಲೆ, ಕಾಂಟೆಂಪರರಿ ಬಗ್ಗೆನೇ ಜಾಸ್ತಿ ಇದ್ವು. ಅದರಲ್ಲಿ ನಾಲ್ಕನ್ನ ಆರಿಸ್ಕೊಂಡಿದೀನಿ.

ಪ್ರಶ್ನೆ: ಮೇಡಂ, ಮೈಸೂರಲ್ಲಿ 12 ವರ್ಷ ಭರತನಾಟ್ಯ ಕಲ್ತು ಈಗ ಬ್ಯಾಲೆ ಕ್ಲಾಸಿಗೆ ಸೇರಿದೀನಿ. ಪಾದ ಇನ್ನೂ ಹೊರಗೆ ತಿರುಗ್ಸು ಅಂತಾರೆ, ತಿರುಗ್ಸಿದ್ರೆ ಮಂಡಿ ಒಳಭಾಗದಲ್ಲಿ ನೋವು ಬರುತ್ತೆ. ಇಷ್ಟು ವರ್ಷ ಅರಮಂಡಿ ಕೂತವಳಿಗೆ ಇದ್ಯಾಕೆ ಹೀಗೆ?

ಉತ್ತರ: ಮೊದ್ಲು ಪಾದನ ಬಲವಂತವಾಗಿ ತಿರುಗ್ಸೋದು ನಿಲ್ಸಿ, ಇವತ್ತಿಂದಲೇ. ಟರ್ನ್‌ಔಟ್, ಅಂದ್ರೆ ಕಾಲನ್ನ ಹೊರಗೆ ತಿರುಗ್ಸೋದು, ಪಾದದಲ್ಲಿ ಕಾಣುತ್ತೆ ಅಷ್ಟೇ, ಆಗ್ಬೇಕಾಗಿರೋದು ಸೊಂಟದ ಕೀಲಲ್ಲಿ, ತೊಡೆ ಮೂಳೆಯ ಗುಂಡು ಗುಳಿಯೊಳಗೆ ತಿರುಗುತ್ತಲ್ಲ ಅಲ್ಲಿ. ಮಂಡಿ ಬಾಗಿಲ ಕೀಲಿದ್ದ ಹಾಗೆ, ಮಡಚೋಕೆ ಬಿಚ್ಚೋಕೆ ಇರೋದು. ಸೊಂಟ ಕೊಡೋದಕ್ಕಿಂತ ಜಾಸ್ತಿ ಪಾದ ತಿರುಗ್ಸಿದ್ರೆ ಮಿಕ್ಕ ತಿರುಚು ಪೂರ್ತಿ ಮಂಡಿಗೆ, ಪಾದದ ಕೀಲಿಗೆ ಬೀಳುತ್ತೆ, ನಿಮಗೆ ನೋವು ಬರ್ತಿರೋದು ಬಹುಶಃ ಅದಕ್ಕೇ. ಅರಮಂಡಿಲಿ ಮಂಡಿ, ಸೊಂಟ ಎರಡೂ ಮಡಚಿರುತ್ತೆ, ಆಗ ಸೊಂಟದ ಮುಂದಿರೋ ದಪ್ಪ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟೋ ಪಟ್ಟಿ) ಸಡಿಲ ಆಗಿ ತೊಡೆ ಆರಾಮಾಗಿ ತಿರುಗುತ್ತೆ. ಬ್ಯಾಲೆಲಿ ಕಾಲು ನೆಟ್ಟಗಿಟ್ಟು ಅದನ್ನೇ ಕೇಳ್ತಾರೆ, ಆಗ ಅದೇ ಲಿಗಮೆಂಟ್ ಬಿಗಿಯಾಗಿ ತಡೆಯುತ್ತೆ. ಹಾಗಾಗಿ ನಿಮ್ಮ 12 ವರ್ಷ ಎಲ್ಲೂ ಹೋಗಿಲ್ಲ, ಇದು ಬೇರೆ ಅಳತೆ ಅಷ್ಟೇ.

ನಿಮ್ಮ ಅಳತೆ ನೋಡ್ಬೇಕಂದ್ರೆ ಚಾಪೆ ಮೇಲೆ ಬೋರಲು ಮಲಗಿ, ಎರಡೂ ಮಂಡಿ ಹತ್ರ ಇರ್ಲಿ, ಒಂದು ಕಾಲನ್ನ ಮಂಡಿ ಹತ್ರ ಮಡಚಿ ಪಾದ ಸೂರಿನ ಕಡೆ ಮಾಡಿ, ಆಮೇಲೆ ಆ ಪಾದ ಇನ್ನೊಂದು ಕಾಲಿನ ಕಡೆ ನಿಧಾನಕ್ಕೆ ವಾಲೋಕೆ ಬಿಡಿ. ಸೊಂಟ ನೆಲದಿಂದ ಏಳದೆ ಎಷ್ಟು ವಾಲುತ್ತೋ ಹೆಚ್ಚುಕಮ್ಮಿ ಅಷ್ಟೇ ನಿಮ್ಮದು. ಪುಸ್ತಕದಲ್ಲಿರೋ 180 ಡಿಗ್ರಿ, ಅಂದ್ರೆ ಎರಡೂ ಪಾದ ಒಂದೇ ಗೆರೇಲಿ ಬರೋದು, ತುಂಬಾ ಜನಕ್ಕೆ ಮೂಳೆಯ ಆಕಾರದಲ್ಲೇ ಇರಲ್ಲ, ಅದಕ್ಕೆ ಅಳೋದು ಬೇಡ. ಕ್ಲಾಸಲ್ಲಿ ಸಾಕ್ಸ್ ಹಾಕ್ಕೊಂಡು ನುಣುಪು ನೆಲದ ಮೇಲೆ ನಿಂತು ಮಂಡಿ ಬಗ್ಗಿಸ್ದೆ ಸೊಂಟದಿಂದಲೇ ತಿರುಗಿ, ಎಲ್ಲಿ ನಿಲ್ಲುತ್ತೋ ಅದೇ ನಿಮ್ಮ ಫಸ್ಟ್ ಪೊಸಿಷನ್ (ಹಿಮ್ಮಡಿ ಕೂಡಿಸಿ ಪಾದ ಹೊರಗೆ ತಿರುಗ್ಸಿ ನಿಲ್ಲೋ ಭಂಗಿ). ಮಂಡಿ ಬಗ್ಗಿಸಿ ಪಾದ ಅಗಲ ಮಾಡಿ ನೆಲಕ್ಕೆ ಒತ್ತಿಟ್ಟು ಆಮೇಲೆ ಮಂಡಿ ನೆಟ್ಟಗೆ ಮಾಡೋದು ಎಲ್ಲರೂ ಮಾಡೋ ಕಳ್ಳದಾರಿ, ಮಂಡಿ ಕೆಡೋದು ಅಲ್ಲೇ. ಎರಡು ವಾರದಲ್ಲಿ ನೋವು ಹೋಗ್ದಿದ್ರೆ ಫಿಸಿಯೋ ಹತ್ರ ಹೋಗಿ, ತಡ ಮಾಡ್ಬೇಡಿ.

ಪ್ರಶ್ನೆ: ನಾನು ಸಾಗರದ ಹತ್ರ ಹೈಸ್ಕೂಲ್ ಮೇಷ್ಟ್ರು. ನೀವು ದೇಹದ ಅರಿವು ಅಂತ ಬರೀತಿರ್ತೀರಲ್ಲ, ಅದು ಧ್ಯಾನನಾ? ನಮ್ಮಲ್ಲಿ ಕನ್ನಡಿ ಇಲ್ಲ, ಒಂದು ಹಾಲ್ ಇದೆ, 30 ಮಕ್ಕಳಿದ್ದಾರೆ. ಏನಾದ್ರೂ ಮಾಡ್ಬಹುದಾ?

ಉತ್ತರ: ಖಂಡಿತ ಮಾಡ್ಬಹುದು ಸರ್, ಕನ್ನಡಿ ಇಲ್ದಿರೋದು ಶುರುನಲ್ಲಿ ಒಳ್ಳೇದೇ. ರಾತ್ರಿ ಊಟದ ಮಧ್ಯ ಕರೆಂಟ್ ಹೋದ್ರೂ ತುತ್ತು ಸೀದಾ ಬಾಯಿಗೇ ಹೋಗುತ್ತೆ, ಮೂಗಿಗೆ ಹೋಗಲ್ಲ. ಸ್ನಾಯು, ಕೀಲುಗಳಿಂದ ಮಿದುಳಿಗೆ ಸದಾ ಸುದ್ದಿ ಹೋಗ್ತಿರುತ್ತೆ, ಕೈ ಎಲ್ಲಿದೆ ಕತ್ತು ಎಷ್ಟು ವಾಲಿದೆ ಅಂತ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಅದಕ್ಕೆ ಪ್ರೊಪ್ರಿಯೋಸೆಪ್ಷನ್ ಅಂತ ಹೆಸರಿಟ್ರು. ನಾವು ಕ್ಲಾಸಲ್ಲಿ ಮಾಡೋದು ಆ ಸುದ್ದಿನ ಕೇಳಿಸ್ಕೊಳ್ಳೋ ಅಭ್ಯಾಸ.

ಮಕ್ಕಳನ್ನ ಬರಿಗಾಲಲ್ಲಿ ನಿಲ್ಸಿ, ಕಣ್ಣು ಮುಚ್ಚಿಸಿ, ಐದು ನಿಮಿಷ ಸುಮ್ನೆ ನಿಂತ್ಕೊಳ್ಳಿ ಅನ್ನಿ. ಮೊದಲ ಒಂದು ನಿಮಿಷ ಕಿಸಿಕಿಸಿ ನಗ್ತಾರೆ, ನಗ್ಲಿ ಬಿಡಿ, ಎರಡನೇ ನಿಮಿಷಕ್ಕೆ ಯಾರಾದ್ರೂ ಒಬ್ಬರು 'ಸಾರ್ ನಾನು ಅಲ್ಲಾಡ್ತಿದೀನಿ' ಅಂತಾರೆ, ಅಲ್ಲಿಗೆ ಪಾಠ ಶುರು ಆಯ್ತು ಅಂತ ಲೆಕ್ಕ. ನಿಂತಾಗ ಯಾರೂ ಪೂರ್ತಿ ಸ್ಥಿರ ಇರಲ್ಲ, ಹೆಬ್ಬೆರಳು ಒತ್ತುತ್ತೆ, ಹಿಮ್ಮಡಿ ಹಗುರಾಗುತ್ತೆ, ಮೀನಖಂಡ ಹಿಡಿದು ಬಿಡುತ್ತೆ. ಅಮೆರಿಕದ ಡ್ಯಾನ್ಸರ್ ಸ್ಟೀವ್ ಪ್ಯಾಕ್ಸ್‌ಟನ್ ಇದನ್ನ ಪುಟ್ಟ ನೃತ್ಯ ಅಂತ ಕರೀತಿದ್ರು, ನಂಗೆ ಆ ಹೆಸರು ತುಂಬಾ ಇಷ್ಟ.

ಆದ್ರೆ ಒಂದು ವಿಷ್ಯ ನೆನಪಿರ್ಲಿ, ನಮಗೆ ಅನ್ಸೋದೆಲ್ಲಾ ನಿಜ ಇರಲ್ಲ. ಆಸ್ಟ್ರೇಲಿಯಾದ ಎಫ್. ಎಂ. ಅಲೆಕ್ಸಾಂಡರ್ ವೇದಿಕೆ ಮೇಲೆ ವಾಚನ ಮಾಡೋ ಕಲಾವಿದ, ಮಾತಾಡ್ತಾ ಮಾತಾಡ್ತಾ ಗಂಟಲು ಕಟ್ತಿತ್ತು. ಕನ್ನಡಿ ಮುಂದೆ ನಿಂತು ನೋಡ್ಕೊಂಡಾಗ ಮಾತು ಶುರು ಮಾಡೋ ಮುಂಚೆನೇ ತಲೆ ಹಿಂದಕ್ಕೆ ಎಳ್ಕೊಳ್ಳೋದು ಗೊತ್ತಾಯ್ತು. ತಲೆ ಮುಂದೆ ತಂದೆ ಅಂದ್ಕೊಂಡ್ರೆ ಕನ್ನಡಿಲಿ ಇನ್ನೂ ಹಿಂದೆನೇ ಇತ್ತು. ಅಭ್ಯಾಸ ಆದದ್ದೇ ಸರಿ ಅಂತ ಮೈ ಹೇಳುತ್ತೆ. ಅದಕ್ಕೆ ಮಕ್ಕಳಿಗೆ ಮೊದ್ಲು ಕಣ್ಣು ಮುಚ್ಚಿಸಿ ಎರಡೂ ಕೈ ಭುಜದ ಮಟ್ಟಕ್ಕೆ ಎತ್ತಿಸಿ, ಆಮೇಲೆ ಕಣ್ಣು ಬಿಟ್ಟು ನೋಡ್ಕೊಳ್ಳೋಕೆ ಹೇಳಿ, ಇಲ್ಲಾ ಮೊಬೈಲಲ್ಲಿ ವಿಡಿಯೋ ಮಾಡಿ ತೋರ್ಸಿ. ಒಂದು ಕೈ ಮೇಲೆ ಒಂದು ಕೈ ಕೆಳಗೆ ಇರೋದು ಕಂಡು ಅವರಿಗೇ ಆಶ್ಚರ್ಯ ಆಗುತ್ತೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಒಬ್ಬ ತಾಯಿ. ಮಗಳಿಗೆ 8 ವರ್ಷ, ವಿಡಿಯೋ ನೋಡಿ ಪಾಯಿಂಟ್ ಶೂ ಬೇಕು ಅಂತ ಹಟ ಮಾಡ್ತಿದಾಳೆ. ಆನ್‌ಲೈನಲ್ಲಿ ತರಿಸ್ಲಾ?

ಉತ್ತರ: ಬೇಡಮ್ಮ. ಆ ವಯಸ್ಸಲ್ಲಿ ಪಾದದ ಮೂಳೆ ಇನ್ನೂ ಬೆಳೀತಿರುತ್ತೆ, ಆ ಶೂನಲ್ಲಿ ಇಡೀ ಮೈ ಭಾರ ಬೆರಳ ತುದಿ ಮೇಲೆ ಬರುತ್ತೆ. ಸಾಮಾನ್ಯವಾಗಿ 11, 12 ವರ್ಷ ಆದ್ಮೇಲೆ, ಅದೂ ಕೆಲವು ವರ್ಷ ಸರಿಯಾಗಿ ಕಲ್ತಿದ್ರೆ, ಟೀಚರೇ ಪಾದ ನೋಡಿ ಹೇಳ್ತಾರೆ. ಈಗ ಮೆತ್ತನೆ ಬ್ಯಾಲೆ ಚಪ್ಪಲಿ ಕೊಡ್ಸಿ, ಅದೂ ಗುಲಾಬಿ ಬಣ್ಣದಲ್ಲೇ ಸಿಗುತ್ತೆ.

ಪ್ರಶ್ನೆ: ನಾನು 22ರ ಹುಡುಗ, ಬೆಂಗಳೂರಲ್ಲಿ ಕಾಂಟೆಂಪರರಿ ಕಲೀತಿದೀನಿ. ಜೋಡಿಯಾಗಿ ಹಿಡ್ಕೊಂಡು, ಎತ್ತಿ ಕುಣಿಯೋ ಪಾರ್ಟ್ನರಿಂಗ್ ಅಂದ್ರೆ ಕೈ ನಡುಗುತ್ತೆ. ಹುಡುಗೀನ ಮುಟ್ಟೋಕೇ ಸಂಕೋಚ, ಎತ್ತೋಕೆ ಹೋದ್ರೆ ಬೆನ್ನು ಹಿಡ್ಕೊಳ್ಳುತ್ತೆ. ಜಿಮ್‌ಗೆ ಸೇರ್ಲಾ?

ಉತ್ತರ: ಜಿಮ್‌ಗೆ ಬೇಕಾದ್ರೆ ಸೇರಿ, ಆದ್ರೆ ನಿಮ್ಮ ತೊಂದ್ರೆ ಅದಲ್ಲ. ಮನೇಲಿ ಮಗುನ ಎತ್ಕೊಂಡಿದೀರಾ? ಎಚ್ಚರ ಇದ್ದಾಗ ಹಗುರ, ಅದೇ ಮಗು ನಿದ್ದೆ ಹೋದ್ರೆ ಹೆಗಲೇ ಬಿದ್ದುಹೋಗೋಷ್ಟು ಭಾರ. ತೂಕ ಅದೇ, ಎಚ್ಚರ ಇರೋ ಮಗು ತಾನೂ ಹಿಡ್ಕೊಂಡಿರುತ್ತೆ, ಕಾಲು ನಿಮ್ಮ ಸೊಂಟಕ್ಕೆ ಒತ್ತಿರುತ್ತೆ. ಡ್ಯಾನ್ಸಲ್ಲಿ ಜೊತೆಗಾರರನ್ನ ಎತ್ತೋವಾಗಲೂ ಹಾಗೇ, ಮೇಲೆ ಹೋಗೋರು ಅರ್ಧ ಕೆಲಸ ಮಾಡ್ತಾರೆ. ಬಿಂದಿಗೆನ ಸೊಂಟದ ಮೇಲಿಟ್ಟು ನಡೆಯೋರು ಅದನ್ನ ಕೈ ಚಾಚಿ ಹಿಡಿಯಲ್ಲ ಅಲ್ವಾ, ನೀವು ಬಹುಶಃ ದೂರ ನಿಂತು ತೋಳಿಂದ ಎತ್ತೋಕೆ ಹೋಗ್ತಿದೀರ, ಸಂಕೋಚ ಬೆನ್ನುನೋವಾಗೋದು ಹೀಗೆ. ಹತ್ರ ಬನ್ನಿ, ಇಬ್ಬರೂ ಒಟ್ಟಿಗೆ ಮಂಡಿ ಬಗ್ಗಿಸಿ, ಒಟ್ಟಿಗೆ ಉಸಿರು ತಗೊಳ್ಳಿ, ಅವರು ಹಾರೋ ಕ್ಷಣಕ್ಕೆ ನೀವು ಕಾಲಿಂದ ಏಳಿ.

ಆದ್ರೆ ಅದಕ್ಕೂ ಮುಂಚೆ ಎತ್ತೋದೇ ಬೇಡ. ನನ್ನ ಕ್ಲಾಸಲ್ಲಿ ಮೊದಲ ತಿಂಗಳು ಬೆನ್ನಿಗೆ ಬೆನ್ನು ಕೊಟ್ಟು ಕೂರ್ಸ್ತೀನಿ. ಇನ್ನೊಬ್ಬರ ಉಸಿರು ನಿಮ್ಮ ಪಕ್ಕೆಲುಬಿಗೆ ಗೊತ್ತಾಗೋವರೆಗೂ ಸುಮ್ನೆ ಕೂರೋದು, ಆಮೇಲೆ ಕೈ ಊರದೆ ಬೆನ್ನು ಒತ್ಕೊಂಡೇ ಇಬ್ಬರೂ ಎದ್ದು ನಿಲ್ಲೋದು. ಒಬ್ಬರು ಭಾರ ಕೊಡೋಕೆ ಹಿಂಜರಿದ್ರೆ ಇಬ್ಬರೂ ಏಳಲ್ಲ. ಮೊನ್ನೆ ಒಂದು ಜೋಡಿ ಆರು ಸಲ ಪುಸಕ್ ಅಂತ ಕೂತು ಏಳನೇ ಸಲಕ್ಕೆ ಎದ್ರು, ಅವರಲ್ಲಿ ಗಿಡ್ಡಗಿದ್ದ ಹುಡುಗಿ 'ಅಯ್ಯೋ, ನಾನು ಇಷ್ಟು ದಿನ ನನ್ನ ಭಾರನ ನಾನೇ ಹಿಡ್ಕೊಂಡಿದ್ದೆ ಮೇಡಂ' ಅಂದ್ಲು. ಮೇಲೆ ಹೇಳಿದ ಪ್ಯಾಕ್ಸ್‌ಟನ್ 1972ರಲ್ಲಿ ಓಬರ್ಲಿನ್ ಕಾಲೇಜಲ್ಲಿ ಬರೀ ಹುಡುಗರನ್ನ ಇಟ್ಕೊಂಡು ಮ್ಯಾಟ್ ಮೇಲೆ ಬೀಳೋದು, ಡಿಕ್ಕಿ ಹೊಡೆಯೋದು, ಉರುಳೋದು ಮಾಡ್ಸಿದ್ರು, ಮೈಗೆ ಮೈ ತಾಗಿಸಿ, ಭಾರ ಕೊಟ್ಟು ತಗೊಂಡು, ಮೊದ್ಲೇ ಹೆಜ್ಜೆ ಗೊತ್ತುಮಾಡ್ದೆ ಕುಣಿಯೋ ಕಾಂಟ್ಯಾಕ್ಟ್ ಇಂಪ್ರೊವೈಸೇಷನ್ ಬೆಳೆದಿದ್ದು ಅಲ್ಲಿಂದ. ಅದರಲ್ಲಿ ಗಂಡೇ ಎತ್ಬೇಕು ಹೆಣ್ಣೇ ಹಾರ್ಬೇಕು ಅಂತಿಲ್ಲ. ನೀವೂ ಒಂದ್ಸಲ ಅವರ ಬೆನ್ನ ಮೇಲೆ ಕೂಸುಮರಿ ಹೋಗಿ ನೋಡಿ, ಎತ್ತಿಸ್ಕೊಳ್ಳೋರಿಗೆ ಎಲ್ಲಿ ಹಿಡಿದ್ರೆ ಧೈರ್ಯ ಬರುತ್ತೆ ಅಂತ ನಿಮಗೇ ಗೊತ್ತಾಗುತ್ತೆ.

ಮುಟ್ಟೋ ವಿಷ್ಯ. ನಾನು ಕಲೀತಿದ್ದಾಗ ಒಬ್ಬ ಟೀಚರ್ ಏನೂ ಹೇಳ್ದೆ ಹಿಂದಿಂದ ಬಂದು ಸ್ಪ್ಲಿಟ್‌ನಲ್ಲಿ (ಕಾಲು ಪೂರ್ತಿ ಚಾಚಿ ನೆಲಕ್ಕೆ ಕೂರೋವಾಗ) ಸೊಂಟ ಒತ್ತಿಬಿಟ್ರು, ತೊಡೆ ಹಿಂದಿನ ಸ್ನಾಯು ಹರಿದು ಐದು ತಿಂಗಳು ನೆಲದ ಮೇಲೆ ಕೂರೋಕಾಗ್ಲಿಲ್ಲ. ಅವತ್ತಿಂದ ಕೇಳದೆ ನಾನು ಯಾರನ್ನೂ ಮುಟ್ಟಿಲ್ಲ. ನೀವೂ ಕೇಳಿ, 'ಇಲ್ಲಿ ಹಿಡೀಲಾ' ಅಂತ, ಪ್ರತೀ ಸಲ, ನಿನ್ನೆ ಹೂಂ ಅಂದಿದ್ರೂ ಇವತ್ತು ಮತ್ತೆ. ಬೆರಳ ತುದಿಯಿಂದ ಅಂಜಿ ಅಂಜಿ ಹಿಡಿದ್ರೆ ಅವರಿಗೂ ಕಸಿವಿಸಿ, ಜಾರೋ ಭಯ ಬೇರೆ, ಇಡೀ ಅಂಗೈ ಇಡಿ. ಕೆಳಗಿಳಿಸೋಕೆ ಇಬ್ಬರೂ ಒಂದು ಪದ ಇಟ್ಕೊಳ್ಳಿ, ನಮ್ಮಲ್ಲಿ 'ನೆಲ' ಅಂತೀವಿ. ಯಾರು 'ನೆಲ' ಅಂದ್ರೂ ಮ್ಯೂಸಿಕ್ ಎಲ್ಲೇ ಇರ್ಲಿ, ನಿಧಾನಕ್ಕೆ ಇಳಿಸಿ ಅವರ ಎರಡೂ ಪಾದ ಊರೋವರೆಗೂ ಕೈ ಬಿಡಬೇಡಿ.