ಕಿತ್ತಳೆ ಸೂರ್ಯ ಮಿನುಗುತ್ತಿಲ್ಲವೇ? ಹೊಳಪು ನೋಡಿ
ಪ್ರದರ್ಶನಕ್ಕೆಂದು ಬರೆದ ಚಿತ್ರದಲ್ಲಿ ಬೂದು-ನೀಲಿ ಆಕಾಶದ ಕಿತ್ತಳೆ ಸೂರ್ಯ ಮಿನುಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನಿಮ್ಮ ಸೂರ್ಯ ಆಕಾಶಕ್ಕಿಂತ ಜಾಸ್ತಿ ಬೆಳ್ಳಗೆ ಬಂದಿದ್ದಾನೆ ಅನ್ನಿಸುತ್ತದೆ. ಫ್ರೆಂಚ್ ಚಿತ್ರಕಾರ ಮೋನೆಯ 1872ರ ಸೂರ್ಯೋದಯದ ಚಿತ್ರದಂತೆ ಮಿನುಗದಿರಲು ಬಹುಶಃ ಅದೇ ಕಾರಣ. ಆ ಚಿತ್ರದಲ್ಲಿ ಸೂರ್ಯ, ಸುತ್ತಲಿನ ಮೋಡ ಎರಡರ ಹೊಳಪೂ (ಬಣ್ಣ ಬಿಟ್ಟು ನೋಡಿದರೆ ಎಷ್ಟು ಬೆಳ್ಳಗೆ ಎಂಬುದು) ಹೆಚ್ಚುಕಡಿಮೆ ಒಂದೇ ಎಂದು ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ತೋರಿಸಿದ್ದಾರೆ. ಜಾಗ, ಚಲನೆ ಗುರುತಿಸುವ ಮಿದುಳಿನ ಭಾಗ ಬಣ್ಣಕ್ಕಿಂತ ಹೊಳಪನ್ನೇ ನಂಬುತ್ತದೆ. ಹೊಳಪಿನ ವ್ಯತ್ಯಾಸ ಇಲ್ಲದಿದ್ದರೆ ಸೂರ್ಯ ಎಲ್ಲಿದ್ದಾನೆಂದು ಅದಕ್ಕೆ ಸರಿಯಾಗಿ ಸಿಗುವುದಿಲ್ಲ, ಅದಕ್ಕೇ ಅವನು ಮಿನುಗಿದಂತೆ ಕಾಣುತ್ತಾನೆ.

ಮೊದಲು ಪ್ರದರ್ಶನದಲ್ಲಿ ಇರುವಂಥ ದೀಪದಲ್ಲೇ ನಿಮ್ಮ ಚಿತ್ರದ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ಸೂರ್ಯ ಬೆಳ್ಳಗೆ ಎದ್ದು ಕಂಡರೆ ಆಕಾಶಕ್ಕೆ ಬಿಳಿ ಸೇರಿಸುತ್ತಾ ಹೋಗಿ. ಕಿತ್ತಳೆಯನ್ನು ಮಾತ್ರ ಮುಟ್ಟಬೇಡಿ, ಅದು ಮಂಕಾದರೆ ಕೆಲಸ ಕೆಟ್ಟಿತು. ಮತ್ತೆ ಮತ್ತೆ ಕಪ್ಪು-ಬಿಳುಪು ಫೋಟೋ ತೆಗೆದು ನೋಡಿ, ಅದರಲ್ಲಿ ಸೂರ್ಯ ಮಾಯವಾದಾಗ ನಿಲ್ಲಿಸಿ. ಹೊಳಪಿನ ಬಗ್ಗೆ ಫೋನಿನ ಲೆಕ್ಕ ಕಣ್ಣಿಗೆ ಪೂರ್ತಿ ಹೊಂದುವುದಿಲ್ಲ, ಎಲ್ಲರ ಕಣ್ಣೂ ಒಂದೇ ಥರ ಅಲ್ಲ. ಹಾಗಾಗಿ ನಾಲ್ಕೈದು ಜನರಿಗೆ ತೋರಿಸಿ ಹದ ಮಾಡಿ.